ಓದಿ ಹಾಕುವ ಸಹಿ

ಗೆಲುವಿನ ಪ್ರಮಾಣಪತ್ರ ಮುಂದಿಟ್ಟು ಚುನಾವಣಾಧಿಕಾರಿ ಪೆನ್ನು ಚಾಚಿದರು. "ತಲುಪಿದೆ ಅಂತ ಇಲ್ಲೊಂದು ಸಹಿ ಹಾಕಿಬಿಡಿ, ಮೇಡಂ." ಅಕ್ಕ ಪೆನ್ನು ಮುಟ್ಟದೆ ಚೀಲದಲ್ಲಿ ಕನ್ನಡಕ ಹುಡುಕತೊಡಗಿದಳು. ಪಕ್ಕದಲ್ಲಿದ್ದ ತಮ್ಮ ತಲೆ ಚಚ್ಚಿಕೊಂಡ.

ಹೋದ ವರ್ಷ ಶಾಸಕರೂ ಹೀಗೇ ಪೆನ್ನು ಚಾಚಿದ್ದರು. ಆಸ್ಪತ್ರೆಯ ಔಷಧಿ ಉಗ್ರಾಣ ಆಗ ಅವಳ ಕೈಯಲ್ಲಿತ್ತು. ಅವಧಿ ಮುಗಿದ ಔಷಧಿಯನ್ನು ಹೊಸದೆಂದು ಒಪ್ಪುವ ಕಾಗದ ಅದು. ಓದಿದವಳೇ ಸಹಿ ಹಾಕಲ್ಲ ಅಂದಳು. ಅವಳ ಕೆಲಸ ಹೋಯಿತು. ಹಗರಣ ಬಯಲಾಗಿ ಶಾಸಕರೂ ರಾಜೀನಾಮೆ ಕೊಟ್ಟರು. ಆ ಜಾಗಕ್ಕೆ ನಡೆದ ಉಪಚುನಾವಣೆಯಲ್ಲಿ ಈಗ ಅವಳೇ ಗೆದ್ದಿದ್ದಳು.

"ಅಕ್ಕಾ, ಹೊರಗೆ ಜನ ಕಾಯ್ತಿದ್ದಾರೆ, ಹಾಕಿಬಿಡೇ."

"ಓದದೆ ಹೇಗೋ ಹಾಕಲಿ?"

ತಮ್ಮ ಸೋತು ಕಿಟಕಿಯಿಂದ ಇಣುಕಿ, "ಸ್ವಲ್ಪ ತಡೀರಪ್ಪ, ಓದ್ತಿದ್ದಾಳೆ," ಅಂದ. ಅದನ್ನು ಕೇಳಿ ಜನ ಖುಷಿಯಿಂದ ಹಾಕಿದ ಕೇಕೆಗೆ ಕಿಟಕಿಯ ಗಾಜೆಲ್ಲ ನಡುಗಿತು. ಅಕ್ಕ ಇನ್ನೂ ಎರಡನೇ ಸಾಲಿನಲ್ಲಿದ್ದಳು.