ಕಣ್ಣು ತೆರೆದ ರಾಣಿ

ನೂರೈವತ್ತು ವರ್ಷದ ಹಿಂದೆ ಸ್ಪೇನಿನಲ್ಲಿ ಪದಕ ಬೇಕೆಂದರೆ ಚಿತ್ರಕಾರ ಸತ್ತ ರಾಣಿಯರನ್ನು ಬರೆಯಬೇಕಿತ್ತು. ನಮ್ಮ ಕಥೆಯ ಚಿತ್ರಕಾರನೂ ಬರೆದ. ಪ್ರತಿ ಸಲವೂ ರಾಣಿಯಾಗಿ ಕಣ್ಣು ಮುಚ್ಚಿ ಮಲಗುತ್ತಿದ್ದವಳು ಅವನ ಹೆಂಡತಿಯೇ. ಹೀಗೆ ಅವಳು ವಿಷ ಕುಡಿದು ಸತ್ತಳು, ಹೆರಿಗೆಯಲ್ಲಿ ಸತ್ತಳು, ಒಮ್ಮೆ ಬರೀ ವಿರಹಕ್ಕೇ ಸತ್ತಳು. ಪ್ರದರ್ಶನಕ್ಕೆ ಬಂದ ಮ್ಯಾಡ್ರಿಡ್ಡಿನ ಜನ ಆ ಮುಖದ ಮುಂದೆ ಟೋಪಿ ತೆಗೆದು ನಿಲ್ಲುತ್ತಿದ್ದರು. ಬೆಳ್ಳಿಯ ಪದಕಗಳು ಬಂದವು, ಚಿನ್ನದ್ದು ಮಾತ್ರ ಬರಲಿಲ್ಲ.

"ಗೊರಕೆ ಹೊಡೀಬೇಡ ಮಾರಾಯ್ತಿ. ಹೆಣ ಎಲ್ಲಾದ್ರೂ ಗೊರಕೆ ಹೊಡೆಯುತ್ತಾ?" ಎಂದ ಒಂದು ಮಧ್ಯಾಹ್ನ.

ಅವಳು ಎದ್ದು ಕೂತಳು. "ಸಾಕು ರೀ, ಇನ್ನು ನಾನು ಸಾಯಲ್ಲ. ನಮ್ಮಮ್ಮ ಪ್ರತಿ ಸಲ ಪ್ರದರ್ಶನಕ್ಕೆ ಬಂದು ಅತ್ತು ಹೋಗ್ತಾಳೆ. ಒಂದೇ ಒಂದು ಸಲ ನಾನು ಬದುಕಿರೋ ಹಾಗೆ ಬರೀರಿ."

"ಬದುಕಿರೋರ ಚಿತ್ರಕ್ಕೆ ಪದಕ ಕೊಡಲ್ಲ ಕಣೇ."

"ಹಾಗಾದ್ರೆ ಬೇರೆ ಹೆಣ ನೋಡ್ಕೊಳ್ಳಿ."

ಅವನು ಸೋತ. ಅವಳನ್ನು ಕಿಟಕಿಯ ಬಳಿ ನಿಲ್ಲಿಸಿ, ಮನೆಯಲ್ಲಿ ಉಡುವ ಬಿಳಿ ಉಡುಪಿನಲ್ಲೇ, ಕಿತ್ತಳೆ ಸುಲಿಯುತ್ತ ನಗುವಂತೆ ಬರೆದ.

ಆ ವರ್ಷ ಪ್ರದರ್ಶನದಲ್ಲಿ ಯಾರೂ ಅಳಲಿಲ್ಲ. ಜನ ಚಿತ್ರದಿಂದ ತುಸು ದೂರವೇ ನಿಂತು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ನೋಡಿದರು. ಚಿನ್ನದ ಪದಕ ಬಂದೇ ಬಂತು. ಪದಕ ಕೊಡುವ ದಿನ ಹೆಂಡತಿ ಹೊಸ ಶಾಲು ಹೊದ್ದು, ಅಮ್ಮನ ಕೈ ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದಳು.

ಹಿರಿಯ ತೀರ್ಪುಗಾರರು ಪದಕವನ್ನು ಅವನ ಕೈಗಿಟ್ಟು ಹೇಳಿದರು: "ಸತ್ತ ರಾಣಿಯರನ್ನು ಬರೆಯೋರು ಬೇಕಾದಷ್ಟು ಜನ ಇದ್ದಾರೆ ಸ್ವಾಮಿ. ಅವರ ದೆವ್ವವನ್ನು ಇಷ್ಟು ಚೆನ್ನಾಗಿ ಬರೆದೋರು ನೀವೊಬ್ಬರೇ."