ಮತ್ಸ್ಯಕನ್ಯೆಯ ಹರಿದ ಬಾಲ

ವಿಲಾಯಿತಿಯವರ ಹಾಗೆ ಎಣ್ಣೆಬಣ್ಣದಲ್ಲಿ ಮತ್ಸ್ಯಕನ್ಯೆಯ ಚಿತ್ರ ಬರೆದು ಮುಗಿಸಿದ ಚಿತ್ರಕಾರನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಾಲಕ್ಕೆಂದು ನಿಜವಾದ ಮೀನನ್ನೇ ಎದುರಿಗಿಟ್ಟುಕೊಂಡು ಬರೆದಿದ್ದ.

“ಬಾಲದ ತುದಿ ಹರಿದಿದೆಯಲ್ಲ?” ಎಂದರು, ಚಿತ್ರ ಕೊಳ್ಳಲು ಬಂದ ಕಲೆಕ್ಟರ್ ಸಾಹೇಬರು.

“ಪ್ರಿಯಕರನನ್ನು ಹುಡುಕುತ್ತಾ ಬಂಡೆಗೆ ಬಡಿದುಕೊಂಡದ್ದು, ಸಾಹೇಬರೇ.”

ಸಾಹೇಬರ ಕಣ್ಣು ಒದ್ದೆಯಾಯಿತು.

ಬಾಗಿಲಲ್ಲಿ ಬುಟ್ಟಿ ಹೊತ್ತು ನಿಂತಿದ್ದ ಮೀನು ಮಾರುವವಳು ಕಿಸಕ್ಕನೆ ನಕ್ಕಳು. ಚಿತ್ರಕಾರನಿಗೆ ಉರಿದುಹೋಯಿತು. ಮೈಯೆಲ್ಲ ಮೀನು ನಾರುವ ಇವಳಿಗೂ ಚಿತ್ರಕಲೆಗೂ ಎಲ್ಲಿಯ ನಂಟು!

“ಎಂತ ಹಲ್ಲು ಕಿರಿಯುವುದು? ಕಲೆ ಅಂದ್ರೆ ಎಂತ ಅಂತ ಗೊತ್ತುಂಟಾ ನಿಂಗೆ?”

“ಅದು ಗೊತ್ತಿಲ್ಲ ಒಡೆಯಾ, ಆ ಬಾಲ ಗೊತ್ತುಂಟು. ನಾಯಿ ಕಚ್ಚಿ ಬಿಟ್ಟುಹೋದ ಮೀನನ್ನು ಆವತ್ತು ತಾಜಾ ಅಂತ ನಿಮ್ಮ ತಲೆಗೆ ಕಟ್ಟಿದ್ದು ನಾನೇ ಅಲ್ವಾ?”