ನಲವತ್ತೇಳನೇ ಫೈಲು

"ನಲವತ್ತೇಳು," ಎಂದು ತಪಾಸಣೆಗೆ ಬಂದ ಸಾಹೇಬರು ಮೂರನೇ ಸಲ ಕೂಗಿದಾಗ, ರೆಕಾರ್ಡ್ ರೂಮಿನ ಗುಮಾಸ್ತೆ ಅಕ್ಕಯಮ್ಮ ಕಪಾಟಿನ ಖಾಲಿ ಸಂದಿಯೊಳಗೆ ಕೈಯಿಟ್ಟುಕೊಂಡೇ ನಿಂತಿದ್ದಳು. ನಂದಗುಡಿ ರಸ್ತೆಯ ಆ ದಪ್ಪ ಫೈಲು ನಿನ್ನೆ ಸಂಜೆ ಅಲ್ಲೇ ಇತ್ತು. ಎಪ್ಪತ್ತೊಂದನೇ ಇಸವಿಯ ತಪಾಸಣೆಯಲ್ಲೂ ಎಪ್ಪತ್ತೆರಡರ ತಪಾಸಣೆಯಲ್ಲೂ ಹೀಗೇ ಆಗಿತ್ತು. ತಪಾಸಣೆಯ ದಿನ ಮಾಯ, ಮಾರನೆಯ ದಿನ ಹಾಜರು. ಎರಡು ಮೆಮೊ ಆಗಲೇ ಬಂದಿದ್ದವು. ಮೂರನೆಯದು ಬಂದರೆ ಸಸ್ಪೆಂಡ್ ಆಗುವುದು ಖಂಡಿತ.

"ಹುಡುಕಿದ್ದು ಸಾಕಮ್ಮ. ಫೈಲು ಇಲ್ಲ ಅಂತ ಬರೀತೀನಿ," ಎಂದು ಸಾಹೇಬರು ಪೆನ್ನಿನ ಕ್ಯಾಪು ತೆಗೆದರು. ಅದು ಕೈಜಾರಿ ಮೇಜಿನಡಿ ಬಿತ್ತು. ಎತ್ತಿಕೊಡಲು ಬಗ್ಗಿದ ಅಕ್ಕಯಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮೇಜಿನ ಮೋಟುಗಾಲಿನ ಕೆಳಗೆ ಕೆಂಪು ದಾರ ಕಟ್ಟಿದ ಫೈಲಿತ್ತು. ಅದರ ಮೇಲೆ ಅವಳದೇ ಅಕ್ಷರದಲ್ಲಿ ೪೭.

"ಪಾಪಯ್ಯ, ಇದನ್ನ ಇಲ್ಲಿಟ್ಟೋರು ಯಾರು?"

ಅಟೆಂಡರ್ ಪಾಪಯ್ಯನಿಗೆ ಹೆಮ್ಮೆಯೇ ಆಯಿತು. "ನಾನೇ ಕಣಕ್ಕ. ಸಾಹೇಬ್ರು ಬಂದ ದಿನ ಮೇಜು ಅಲ್ಲಾಡಬಾರ್ದಲ್ವಾ? ಬೇರೆ ಯಾವ ಫೈಲೂ ಇಷ್ಟು ಸರಿಯಾಗಿ ಕೂರಲ್ಲ. ಅವ್ರು ಹೋದ್ಮೇಲೆ ವರ್ಷಾ ವರ್ಷಾ ನಾನೇ ವಾಪಸ್ ಇಡ್ತೀನಲ್ಲ."

ಅಕ್ಕಯಮ್ಮ ಹಲ್ಲು ಕಚ್ಚಿಕೊಂಡು, "ಸಾರ್, ಫೈಲು ಸಿಕ್ತು. ನಿಮ್ಮ ಮೇಜಿನ ಕೆಳಗೇ ಇದೆ, ತೆಗೀತೀನಿ," ಎಂದಳು.

ಸಾಹೇಬರು ಬಗ್ಗಿ ನೋಡಲಿಲ್ಲ. "ಈಗ ಮುಟ್ಟಬೇಡಿ. ನಿಮ್ಮ ಮೆಮೊನೇ ಬರೀತಿದ್ದೀನಿ. ಮೇಜು ಅಲ್ಲಾಡಿದ್ರೆ ಅಕ್ಷರ ಕೆಡುತ್ತೆ."

ಅಕ್ಕಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಫೈಲು ಹಿಡಿದು ಎಳೆದಳು.